ಮೀಟರ್ ಕೆರಿಯ

ಶಿರಸಿಯಲ್ಲಿ ಹಳೆಯ ಅಂಬಾಸಿಡರ್, ಜೀಪು, ಮೆಟಡೋರ್ ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಮೀಟರ್ ಕೆರಿಯನಿಂದ ಬೈಸಿಕೊಂಡವರೇ. ಸ್ಪೀಡೋಮೀಟರಿನ ಗಾಜಿನ ಅಂಚಿಗಿರುವ ರಬ್ಬರು ಸವೆದು, ಒಳಗೆ ನೀರಾವಿ ಕೂತು ಮುಳ್ಳು ಕಾಣದಂತಾದರೆ ಗಾಡಿ ಅವನ ತಗಡಿನ ಶೆಡ್ಡಿಗೇ ಬರಬೇಕು. ಬಂದವರು 'ಹೊಸ ಮೀಟರೇ ಹಾಕಿಬಿಡು' ಎಂದರೋ, ಕಥೆ ಮುಗಿಯಿತು. "ಚಪ್ಪಲಿ ಬಾರು ಕಿತ್ರೆ ಕಾಲು ಬದಲ್ಸ್ತ್ಯಾ ಮಾರಾಯ? ಹೋಗಿದ್ದು ರಬ್ಬರ್ ಮಾತ್ರ!" ಕಂಪನಿಯ ರಬ್ಬರು ತಂದುಕೊಟ್ಟರೆ ಮೂಸಿ ನೋಡಿ ಚರಂಡಿಗೆ ಎಸೆಯುತ್ತಾನೆ. ಬಸ್ಸಿನ ಹಳೆಯ ಟ್ಯೂಬಿನಿಂದ ತಾನೇ ಬಳೆಯಂತೆ ಕತ್ತರಿಸಿ ಕೂರಿಸಿದ್ದೇ ಸರಿ. ಕೂರಿಸಿದ ಮೇಲೆ ಪಕ್ಕದ ಹೋಟೆಲಿಗೆ ನುಗ್ಗಿ, ಇಡ್ಲಿ ಪಾತ್ರೆಯ ಹಬೆಗೆ ಮೀಟರು ಹಿಡಿದು ಪರೀಕ್ಷೆ ಮಾಡುತ್ತಾನೆ. ಗಾಜಿನೊಳಗೆ ಚೂರು ಮಂಜು ಕಂಡರೂ ಎಲ್ಲ ಕಿತ್ತು ಮತ್ತೆ ಮೊದಲಿನಿಂದ ಶುರು. ಈಚೆಗಂತೂ ಅವನ ಹಟ ವಿಪರೀತಕ್ಕೆ ಹೋಗಿತ್ತು. ನಮ್ಮ ಕಣ್ಣಿಗೆ ಗಾಜು ತಿಳಿಯಾಗಿದ್ದರೂ "ಮಂಜು ಹೋಗ್ಲಿಲ್ಲ" ಎಂದು ಮತ್ತೆ ಬಿಚ್ಚುವನು. ಕಾನಸೂರಿನ ಜೀಪಿನವನು ಒಂದೇ ಮೀಟರಿಗಾಗಿ ಬೆಳಗಿನಿಂದ ಸಂಜೆಯವರೆಗೆ ಬೆಪ್ಪನಂತೆ ಕಾದು ಕೂತಿದ್ದ. ಕೊನೆಗೆ ಕೆರಿಯನ ಹೆಂಡತಿ ಸುಬ್ಬಿ ಅವನನ್ನು ಕಣ್ಣಿನ ಶಿಬಿರಕ್ಕೆ ಎಳೆದುಕೊಂಡು ಹೋದಳು, ನಾನೂ ಜೊತೆಗಿದ್ದೆ. ಪೊರೆ ಬಂದಿದೆ, ಒಳಗಿನ ಲೆನ್ಸ್ ತೆಗೆದು ಹೊಸದು ಹಾಕಬೇಕು ಎಂದರು ಡಾಕ್ಟರು. ಕೆರಿಯ ಕುರ್ಚಿಯಿಂದ ಎದ್ದೇಬಿಟ್ಟ. "ಹೊಸದು ಎಂತಕ್ಕೆ? ಅರವತ್ತು ವರ್ಷ ಓಡಿದ ಮಾಲು ಇದು! ಅಂಚಿನ ರಬ್ಬರ್ ಬದಲ್ಸಿ ಕೊಡಿ, ಸಾಕು. ಟ್ಯೂಬ್ ಬೇಕಾದ್ರೆ ನಾನೇ ತರ್ತೆ!" ಹಾಗೆ ಗುಡುಗುವಾಗಲೂ ಅವನ ಕೈ ಸುಬ್ಬಿಯ ಸೆರಗಿನ ತುದಿಯನ್ನು ಬಿಟ್ಟಿರಲಿಲ್ಲ.