ಮೂಗೆತ್ತಿ ನಿಂತ ಕಾರು

ನಮ್ಮ ಹಳೆಯ ಕಾರಿನ ಮುಂದಿನ ಸಸ್ಪೆನ್ಶನ್ ಬಿಚ್ಚಿ ಕಟ್ಟಿದವನು ನನ್ನನ್ನು ನೋಡಿಹೋಗಿದ್ದ ವರ. ಎಪ್ಪತ್ತರ ದಶಕದ ಕೊನೆಯ ಮಾತು. ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೆವು, ಅವನ ಗ್ಯಾರೇಜು ಅದೇ ರೈಲು ದಾರಿಯ ಕಳವಾ ಎಂಬ ಊರಿನಲ್ಲಿತ್ತು. ನಾನು ಹೂಂ ಅನ್ನುವುದಷ್ಟೇ ಬಾಕಿ. ಹುಡುಗನ ಕೈಗುಣ ನೋಡೋಣವೆಂದು ಅಪ್ಪ ಕಾರು ಒಪ್ಪಿಸಿದರು, ಆದರೆ ಕಣ್ಣೆದುರೇ ಆಗಲಿ ಎಂದು ಕೆಲಸವನ್ನು ನಮ್ಮ ಬಿಲ್ಡಿಂಗಿನ ಅಂಗಳದಲ್ಲೇ ಮಾಡಿಸಿದರು. ಅಂಬರನಾಥದ ಕಾರ್ಖಾನೆಯಲ್ಲಿ ಸ್ಟೋರು ಕಾಯುತ್ತಿದ್ದ ಅವರಿಗೆ ಜಗತ್ತಿನಲ್ಲಿ ಎಲ್ಲರೂ ಅರ್ಧ ಕಳ್ಳರೇ. ಆ ಗುಣ ನನಗೂ ಬಂದಿದೆ.

ಸ್ಪ್ರಿಂಗುಗಳು ಗಟ್ಟಿಯಿವೆ, ಅವೇ ಇರಲಿ ಎಂದು ಅವನು ಕೀಲುಗಳಲ್ಲಿನ ರಬ್ಬರ್ ಬುಷ್‌ಗಳನ್ನಷ್ಟೇ ಹೊಸದು ಹಾಕಿದ. ಭಾನುವಾರ ಸಂಜೆ ಅವ್ವ ಆರತಿ ಎತ್ತಿದಳು, ಜಾಕ್ ಇಳಿಯಿತು, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾದವು. ಮರುದಿನ ನೋಡಿದರೆ ಕಾರು ಮೂಗೆತ್ತಿ ನಿಂತಿತ್ತು. ಮೊದಲು ಟೈರು ಮತ್ತು ಮಡ್‌ಗಾರ್ಡಿನ ನಡುವೆ ಅಪ್ಪನ ಅಂಗೈ ಕಷ್ಟದಲ್ಲಿ ತೂರುತ್ತಿತ್ತು, ಈಗ ಮುಷ್ಟಿಯೇ ಆರಾಮವಾಗಿ ಹೋಗಿಬಂತು. ಹಳೆಯ ಸ್ಪ್ರಿಂಗೇ ಆದರೆ ಎತ್ತರ ಎಲ್ಲಿಂದ ಬಂತು? ತಾನು ಊಟ ಮಾಡಿ ಮಲಗಿದಾಗ ಹುಡುಗ ಯಾವುದೋ ಟ್ಯಾಕ್ಸಿಯ ಸ್ಪ್ರಿಂಗು ತುರುಕಿ ನಮ್ಮದನ್ನು ಸಾಗಿಸಿದ್ದಾನೆ ಎಂದು ಅಪ್ಪ ತೀರ್ಮಾನಿಸಿಬಿಟ್ಟರು. ನನಗೂ ಅನುಮಾನ ಹತ್ತಿತು. ಕಬ್ಬಿಣದ ವಿಷಯಕ್ಕೆ ಸುಳ್ಳು ಹೇಳುವವನ ಜೊತೆ ಬಾಳುವುದು ಹೇಗೆ?

ಕರೆಸಿದಾಗ ಅವನು, ಹೊಸ ರಬ್ಬರು, ಓಡಾಡಿದರೆ ತಾನಾಗಿ ಇಳಿಯುತ್ತದೆ ಎಂದ. ಅಪ್ಪ ಮುಖದ ಮೇಲೆ ಹೊಡೆದ ಹಾಗೆ ಕಳ್ಳ ಎಂದರು. ಅವನು ಒಮ್ಮೆ ಬಾಲ್ಕನಿಯಲ್ಲಿದ್ದ ಅವ್ವನತ್ತ ನೋಡಿದ. ಅವ್ವ ಒಳಗೆ ಹೋದಳು. ನಾನು ಬೆನ್ನಿಗೇ ಹೋಗಿ, ಏನು ನಡೆಯಿತು ಹೇಳು ಎಂದು ಪಟ್ಟುಹಿಡಿದೆ.

"ಬೋಲ್ಟ್ ಟೈಟ್ ಮಾಡೂಕಿಂತ ಮೊದಲ ಗಾಡಿ ನೆಲಕ್ಕ ಇಳಿಸ್ಬೇಕು ಅಂದಾ," ಎಂದಳು ಅವ್ವ. "ರಾಹುಕಾಲ ಇತ್ತು. ಗಾಲಿ ನೆಲಕ್ಕ ತಾಗಸ್ಬ್ಯಾಡ, ಮ್ಯಾಲೇ ಬಿಗಿ ಅಂದೆ."

ಗಾಳಿಯಲ್ಲಿ ಜೋತ ಚಕ್ರಗಳ ಭಂಗಿಯಲ್ಲೇ ರಬ್ಬರು ಬಿಗಿದುಕೊಂಡಿತ್ತು, ಅದಕ್ಕೇ ಕಾರು ಕೆಳಗೆ ಕೂರಲು ಒಪ್ಪುತ್ತಿರಲಿಲ್ಲ. ತನ್ನ ಗಂಡ ಆ ಹುಡುಗನನ್ನು ಕಳ್ಳ ಎನ್ನುತ್ತಿದ್ದರೂ ಬಾಯಿ ಬಿಡದ ಅವ್ವನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆಳಗಿಳಿದು ಅಪ್ಪನಿಗೆ ಎಲ್ಲ ಹೇಳಿದೆ. ಅವನು ಕಾರನ್ನು ನೆಲದ ಮೇಲಿಟ್ಟೇ ಬೋಲ್ಟು ಸಡಿಲಿಸಿದ. ಮೂಗು ಕಿರ್ರೆಂದು ಇಳಿಯಿತು, ಆಮೇಲೆ ಬಿಗಿದ. ಅಪ್ಪ ಅಂಗೈ ತೂರಿಸಿ ನೋಡಿದರು. ಆ ಕ್ಷಣದಿಂದ ಅವನು ದೇವರಂಥ ಹುಡುಗನಾದ.

ಚಹಾ ಕೊಡುವಾಗ, ನಿಜ ಯಾಕೆ ಹೇಳಲಿಲ್ಲ ಎಂದು ಅವನನ್ನು ಕೇಳಿದೆ.

"ದೊಡ್ಡವ್ರ ಹೆಸರು ಹೆಂಗ ಹೇಳೂದ್ರೀ," ಎಂದ.

"ನಿಮ್ಮ ಮನ್ಯಾಗ ನಿಮ್ಮ ಅವ್ವನೂ ದೊಡ್ಡವ್ರೇ ಅಲ್ಲೇನ್ರಿ? ನಾಳೆ ಅವ್ರು ಮಾಡಿದ್ದಕ್ಕ ಯಾರರ ನನ್ನ ಕಳ್ಳಿ ಅಂದ್ರೂ ಅವ್ರ ಹೆಸರು ಹೇಳೂದಿಲ್ಲೇನು?"

ತಮಾಷೆ ಎಂದುಕೊಂಡು ಅವನು ನಕ್ಕ. ಅವನು ಹೋದ ಮೇಲೆ ನಾನು ಈ ಮದುವೆ ಒಲ್ಲೆ ಎಂದೆ. ಅಪ್ಪ ಕಂಗಾಲಾದರು. ಸ್ಪ್ರಿಂಗು ನಮ್ಮದೇ ಎಂದು ಗೊತ್ತಾಯಿತಲ್ಲ, ಇನ್ನೇನು ಅನುಮಾನ ಎಂದು ಕೇಳಿದರು.

ಸ್ಪ್ರಿಂಗಿನ ಮೇಲೆ ಅನುಮಾನ ಏನೂ ಇಲ್ಲ ಎಂದೆ.