ಬೆಳ್ಳಾರೆಯ ಅಂಗಳಕ್ಕೆ ಬಿದ್ದ ಕಡಲಹಕ್ಕಿ

ಬೆಳ್ಳಾರೆಗೆ ಬಂದ ಮೊದಲ ವಾರ ಸೂರ್ಯ ಹುಟ್ಟುವುದಾಗಲಿ ಮುಳುಗುವುದಾಗಲಿ ನನಗೆ ಕಾಣಲೇ ಇಲ್ಲ. ವಿಜಯಪುರದ ನಮ್ಮ ಹೊಲದಲ್ಲಿ ನಿಂತರೆ ಮುಂದಿನ ಊರಿನ ಬಸ್ಸು ಎಬ್ಬಿಸುವ ಧೂಳೂ ಕಾಣುತ್ತದೆ. ಇಲ್ಲಿ ಇಪ್ಪತ್ತು ಹೆಜ್ಜೆಗೆ ನೋಟ ಮುಗಿಯುತ್ತದೆ. ಆಮೇಲೆ ಮರ, ಗುಡ್ಡ, ಮತ್ತೆ ಮರ. ನಾನು ಪಶುವೈದ್ಯೆ. ದನಗಳ ನೋವು ತಿಳಿಯುತ್ತಿತ್ತು, ಅವನ್ನು ಕರೆತಂದವರ ಮಾತು ತಿಳಿಯುತ್ತಿರಲಿಲ್ಲ. ನನ್ನೊಡನೆ ಕನ್ನಡ ಆಡಿ, ತಮ್ಮೊಳಗೆ ತುಳುವಿಗೋ ಅರೆಭಾಷೆಗೋ ಹೊರಳಿಬಿಡುತ್ತಿದ್ದರು. ಸಂಜೆ ಒಬ್ಬಳಿಗಾಗಿ ಎರಡು ರೊಟ್ಟಿ ತಟ್ಟುವಾಗ ಆ ಸದ್ದು ಕೋಣೆಗೆಲ್ಲ ದೊಡ್ಡದಾಗಿ ಕೇಳುತ್ತಿತ್ತು.

ಎರಡು ದಿನ ಗಾಳಿಮಳೆ ಹೊಡೆದು ನಿಂತ ಬೆಳಿಗ್ಗೆ ನಾನು ಬಾಡಿಗೆಗಿದ್ದ ಮನೆಯ ಒಡತಿ ನಫೀಸಾ ಬಕೆಟ್ ಹಿಡಿದು ಬಂದರು. ಅವರದು ಬ್ಯಾರಿ ಮನೆಮಾತು. ಗಂಡ ಒಮಾನಿನಲ್ಲಿ ದೋಣಿ ನಡೆಸುತ್ತಾರೆ. ಬಕೆಟ್ಟಿನಲ್ಲಿ ಅಂಗಳದಲ್ಲಿ ಬಿದ್ದು ಸಿಕ್ಕ ಹಕ್ಕಿ: ಗುಬ್ಬಿಗಿಂತ ತುಸು ದೊಡ್ಡದು, ಬೂದು ಬಿಳಿ ಮೈ, ಕಣ್ಣಿನ ಬಳಿ ಕಪ್ಪು ಮಚ್ಚೆ, ಸೂಜಿಯಂಥ ಕೊಕ್ಕು. ರೆಕ್ಕೆ ಮುರಿದಿರಲಿಲ್ಲ, ಆದರೆ ಹಸಿವಿನಿಂದ ಸೊರಗಿ ಎದೆಮೂಳೆ ಕೈಗೆ ಚುಚ್ಚುತ್ತಿತ್ತು. ಅರಣ್ಯ ಇಲಾಖೆಗೆ ತಿಳಿಸಿದೆ. ಚೇತರಿಸಿದ ಮೇಲೆ ಬಿಡಿ ಎಂದರು.

ಅಕ್ಕಿ ಮುಟ್ಟಲಿಲ್ಲ. ನೀರಿನ ಬೇಸಿನ್ನಿಗೆ ಬಿಟ್ಟರೆ ತೇಲುತ್ತ ಗಿರಗಿರನೆ ಸುತ್ತತೊಡಗಿತು. ತಲೆಗೆ ಪೆಟ್ಟಾಗಿದೆ, ಉಳಿಯಲಾರದು ಎಂದುಕೊಂಡೆ. ನಫೀಸಾ ಗಂಡನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರು.

"ಅದಕ್ಕೆ ಎಂತದೂ ಆಗಿಲ್ಲ ಡಾಕ್ಟ್ರೇ," ಎಂದರು ಅವರು ಒಮಾನಿನಿಂದ. "ಇಲ್ಲಿ ಕಡಲಲ್ಲಿ ರಾಶಿ ಉಂಟು. ಹಾಗೆ ಸುತ್ತಿಯೇ ಹುಳ ಮೇಲೆ ತರುದು, ತಿನ್ನುದು."

ಉತ್ತರದ ಹಿಮನಾಡಿನಲ್ಲಿ ಹುಟ್ಟಿ ಚಳಿಗಾಲಕ್ಕೆ ಅರಬ್ಬಿ ಸಮುದ್ರಕ್ಕೆ ಬರುವ ಹಕ್ಕಿ ಅದು ಎಂದು ಆಮೇಲೆ ಓದಿ ತಿಳಿದೆ. ಗಾಳಿ ಅದನ್ನು ಇಲ್ಲಿಗೆ ಎಸೆದಿತ್ತು.

ನಫೀಸಾ ರಬ್ಬರ್ ತೋಟಕ್ಕೆ ಹೋಗಿ, ಹಾಲು ಹಿಡಿಯುವ ಗೆರಟೆಗಳಲ್ಲಿ, ಅಂದರೆ ತೆಂಗಿನ ಚಿಪ್ಪುಗಳಲ್ಲಿ, ನಿಂತ ಮಳೆನೀರನ್ನು ಸೊಳ್ಳೆಮರಿಗಳ ಸಮೇತ ತಂದರು. ಹಕ್ಕಿ ಒಂದೊಂದನ್ನೇ ಹೆಕ್ಕಿತು. ಮೂರು ದಿನ ನಾವಿಬ್ಬರೂ ಗೆರಟೆ ಹುಡುಕಿ ತಿರುಗಿದೆವು. ಆ ಮೂರು ದಿನ ನಾನು ಅವರಲ್ಲೇ ಉಂಡೆ. ಅಕ್ಕಿಹಿಟ್ಟಿನ ತೆಳು ಪತ್ತಿರ್ ಬಡಿಸುತ್ತ, ಗಂಡ ಈ ಅಂಗಳಕ್ಕಿಂತ ಆ ಕಡಲಲ್ಲೇ ಹೆಚ್ಚು ಕಾಲ ಬದುಕಿದ್ದಾರೆ ಎಂದು ಅವರು ಮೆಲ್ಲಗೆ ಹೇಳಿದರು.

ನಾಲ್ಕನೆಯ ದಿನ ಪೆಟ್ಟಿಗೆ ಹಿಡಿದು, ಪುತ್ತೂರಿನಲ್ಲಿ ಬಸ್ಸು ಬದಲಿಸಿ ಮಂಗಳೂರಿನ ಕಡಲಿಗೆ ಹೋದೆವು. ಹಕ್ಕಿ ಅಲೆಗಳ ಮೇಲೆ ತಗ್ಗಾಗಿ ಹಾರಿ ಕಣ್ಮರೆಯಾಯಿತು. ನಫೀಸಾ ಬಹಳ ಹೊತ್ತು ನೀರು ನೋಡುತ್ತ ನಿಂತರು.

"ಅವರು ಇರುವ ಕಡೆಗೇ ಹೋಗ್ತದಲ್ಲ?" ಎಂದರು.

ಮರಳುವಾಗ ಪುತ್ತೂರಿನ ನಿಲ್ದಾಣದಲ್ಲಿ ಅವ್ವನ ಫೋನ್ ಬಂತು. ನಡೆದದ್ದೆಲ್ಲ ಹೇಳಿದೆ. ಆಕೆ, "ನಿನ್ನ ಮಾತು ಆ ಕಡಿಯೋರಂಗ ಆಗೈತಲ್ಲವ್ವ," ಎಂದಳು. ಫೋನ್ ಇಟ್ಟಾಗ, ನನ್ನ ಮಾತು ಕೇಳಿಸಿಕೊಂಡಿದ್ದ ಪಕ್ಕದ ಹೆಂಗಸು ನಫೀಸಾರನ್ನು ಕೇಳುತ್ತಿದ್ದರು, ಇವರು ಘಟ್ಟದವರಾ ಎಂದು. ಘಟ್ಟದ ಮೇಲಿನಿಂದ ಬಂದವರನ್ನು ಇಲ್ಲಿ ಹಾಗೆನ್ನುತ್ತಾರೆ.

ನಫೀಸಾ ಹೌದೆಂದರು. ಮತ್ತೆ ನನ್ನ ಮುಖ ನೋಡಿ, "ಈಗ ನಮ್ಮಲ್ಲಿ ಇರುದು," ಎಂದು ಸೇರಿಸಿದರು.