ಹೊಸ್ತಿಲಲ್ಲಿ ಆಡಿದ ಮಾತು

ಚೀಲದ ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ಹೆಗಲಲ್ಲೊಂದು ಚೀಲ, ಮೂಗಿನ ಮೇಲೊಂದು ಕನ್ನಡಕ, ಇಷ್ಟಕ್ಕೇ ಜನ ಅವರನ್ನು ಮೇಷ್ಟ್ರು ಮಾಡಿಬಿಟ್ಟಿದ್ದರು. ಯಾವ ಪತ್ರಿಕೆಯ ನೌಕರರೂ ಅಲ್ಲ. ದುಡಿಯುವ ಜನರ ಬಗ್ಗೆ ಬರೆಯುವುದು, ನಾಲ್ಕು ಪತ್ರಿಕೆಗಳ ಬಾಗಿಲು ತಟ್ಟುವುದು, ಯಾರು ತೆಗೆದರೆ ಅವರ ಕೈಗೆ ಕೊಡುವುದು. ಹದಿನಾರು ವರ್ಷದಿಂದ ಇದೇ ಪಾಡು.

ಮಾತಾಡುವವರನ್ನು ಹುಡುಕುವುದರಲ್ಲಿ ಮಾತ್ರ ಗಟ್ಟಿಗರು. ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಆ ಹೆಂಗಸು ಸಿಕ್ಕಿದ್ದೂ ಹಾಗೆಯೇ. ಬಸ್ಸಿನ ಕಂಬಿ ಹಿಡಿದಿದ್ದ ಬೆರಳ ತುದಿಗಳು ಬಟ್ಟೆ ಒಗೆಯುವ ಸೋಡಾಕ್ಕೆ ಬೆಂದು ಬಿಳಿಚಿಕೊಂಡಿದ್ದವು, ಜೊತೆಗೆ ಆಸ್ಪತ್ರೆಯ ಔಷಧಿ ವಾಸನೆ.

“ಆಸ್ಪತ್ರೆ ಬಟ್ಟೆ ಒಗೀತೀಯೇನಮ್ಮ?”

“ಅಯ್ಯೋ, ಕೈ ನೋಡಿ ಭವಿಷ್ಯ ಹೇಳೋರಾ ನೀವು?”

“ಹಿಂದಿನದಷ್ಟೇ ಹೇಳ್ತೀನಿ. ಮುಂದಿನದು ನಂಗೂ ಗೊತ್ತಾಗಲ್ಲ.”

ಆಕೆ ನಕ್ಕಳು. ಭಾನುವಾರ ಮೇಷ್ಟ್ರು ಅವಳ ಒಂಟಿ ಕೋಣೆಯಲ್ಲಿ ಕಬ್ಬಿಣದ ಮಂಚದ ಅಂಚಿಗೆ ಕೂತಿದ್ದರು. ನಿಂತು ನಿಂತು ಊದಿದ ಕಾಲು, ಸುಲಿದ ಚರ್ಮ, ರಕ್ತದ ಕಲೆ ಹೋಗಲಿಲ್ಲ ಅಂತ ಬೈಗುಳ. ಎರಡು ಗಂಟೆ ಬರೆದುಕೊಂಡರು. ಇಂಥದ್ದನ್ನು ಹತ್ತು ಸಲ ಬರೆದಾಗಿತ್ತು. ಒಳಗೊಳಗೇ ಆಕಳಿಕೆ.

ಆದರೆ ನೋಟ್‌ಬುಕ್ಕು ಮುಚ್ಚಿದ ಮೇಲೆಯೇ ಜನರ ಬಾಯಿ ಬಿಚ್ಚುವುದು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಾಗಿಲಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ ಬೇಕೆಂದೇ ತಡಮಾಡಿದರು.

“ನೀರು ಕಾಯಿಸೋ ಬಾಯ್ಲರ್ ಕೆಟ್ಟು ಎಂಟು ತಿಂಗಳಾಯ್ತಣ್ಣಾ,” ಆಕೆ ದನಿ ತಗ್ಗಿಸಿದಳು. “ಆಪರೇಷನ್ ಬಟ್ಟೇನೂ ತಣ್ಣೀರಲ್ಲೇ ಜಾಲಿಸಿ ಕೊಡ್ತೀವಿ. ಇದನ್ನ ಬರೀಬೇಡಿ ಮತ್ತೆ. ನಾನು, ನನ್ನ ನಾದಿನಿ, ಒಬ್ಬ ಮುದುಕಿ, ಇರೋದೇ ಮೂರು ಜನ.”

“ಛೇ, ನನ್ನ ಹೊಟ್ಟೆಯಲ್ಲೇ ಇರುತ್ತೆ ಬಿಡಮ್ಮ.”

ಹೊಟ್ಟೆಯಲ್ಲಿ ಅದು ಒಂದು ದಿನವೂ ನಿಲ್ಲಲಿಲ್ಲ. ರೋಗಿಗಳ ಪ್ರಾಣದ ಪ್ರಶ್ನೆ ಅಂದುಕೊಂಡರು, ಅದು ನಿಜ. ಮೊದಲ ಪುಟ ಸಿಗುತ್ತದೆ ಅಂದುಕೊಂಡರು, ಅದು ಇನ್ನೂ ನಿಜ. ಹೆಸರಿಲ್ಲದೆ ‘ಒಬ್ಬ ಕೆಲಸಗಾರ್ತಿ’ ಎಂದು ಬರೆದು ಕೈ ತೊಳೆದುಕೊಂಡರು.

ವಾರದೊಳಗೆ ಹೊಸ ಬಾಯ್ಲರ್ ಬಂತು. ನಾದಿನಿಯ ಕೆಲಸ ಹೋಯಿತು. ಮೂವರಲ್ಲಿ ಜೋರು ಬಾಯಿ ಅವಳದು, ಹೇಳಿದವಳೂ ಅವಳೇ ಎಂದು ಆಸ್ಪತ್ರೆಯ ಮೇಲ್ವಿಚಾರಕ ತೀರ್ಮಾನಿಸಿದ್ದ.

ಆಕೆ ಮೇಷ್ಟ್ರ ಮನೆ ಹುಡುಕಿಕೊಂಡು ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನನ್ನನ್ನ ಕೆಲಸಕ್ಕೆ ಸೇರಿಸಿದ್ದೇ ಅವಳು. ‘ಯಾವಳೋ ನಾಲಿಗೆ ಹರಿಬಿಟ್ಟಿದ್ದಕ್ಕೆ ನನ್ನ ಅನ್ನ ಹೋಯ್ತು ಅತ್ತಿಗೆ’ ಅಂತ ನನ್ನ ಹೆಗಲಿಗೇ ತಲೆಕೊಟ್ಟು ಅಳ್ತಾಳೆ. ಬನ್ನಿ, ಅವಳು ಹೇಳಿಲ್ಲ ಅಂತ ಬಂದು ಹೇಳಿ.”

ಮೇಷ್ಟ್ರು ಕನ್ನಡಕ ಒರೆಸುತ್ತಲೇ ಇದ್ದರು. ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಎದ್ದು ಹೋಗ್ರೀ! ನಿಮಗೆ ಮಾತು ಬರಲ್ಲ ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ.”

ಮೇಲ್ವಿಚಾರಕನ ಕೋಣೆಯಲ್ಲಿದ್ದ ಇನ್ನೊಂದು ಕುರ್ಚಿಯ ಮೇಲೆ ಹಸಿರು ಬಟ್ಟೆಯ ರಾಶಿ. ಮೇಷ್ಟ್ರು ನಿಂತೇ ಹೇಳಿದರು. ಆಕೆ ಬಾಗಿಲ ಬಳಿ ನಿಂತಿದ್ದಳು.

“ಅವಳಲ್ಲ ಅಂದ್ರೆ ಇನ್ಯಾರು? ಹೇಳಲ್ವಾ?” ಮೇಲ್ವಿಚಾರಕ ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದ. “ಸರಿ. ‘ಯಾರೂ ಹೇಳಿಲ್ಲ, ನಾನೇ ಕಟ್ಟಿ ಬರೆದೆ’ ಅಂತ ಬರೆದು ಸಹಿ ಹಾಕಿ. ಇವತ್ತೇ ಅವಳನ್ನ ವಾಪಸ್ ಕರೀತೀನಿ.”

ಆ ಹಾಳೆ ಪತ್ರಿಕೆಯವರ ಕೈ ಸೇರಿದರೆ ಹದಿನಾರು ವರ್ಷ ಬರೆದದ್ದೆಲ್ಲ ಬೂದಿ. ನಾಳೆಯಿಂದ ಯಾವ ಬಾಗಿಲೂ ತೆರೆಯದು. ಜೊತೆಗೆ ನಿಜವನ್ನು ಸುಳ್ಳು ಅಂದಂತಾಗುತ್ತದೆ. ಕಾರಣಗಳು ಒಂದರ ಹಿಂದೊಂದು ಸಾಲುಗಟ್ಟಿ ಬಂದವು. ಒಂದೂ ತಪ್ಪು ಕಾರಣವಲ್ಲ, ಅದೇ ಅವಮಾನ. ಆಕೆಗೆ ಮಾತು ಕೊಡುವಾಗ ಇಷ್ಟು ಕಾರಣ ಹುಡುಕಿರಲಿಲ್ಲ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

“ಒಂದೆರಡು ದಿನ ಯೋಚನೆ ಮಾಡಿ ಹೇಳ್ತೀನಿ...” ಅಂದರು.

“ಹೇಳಿದ್ದು ನಾನು ಸಾರ್,” ಬಾಗಿಲ ಬಳಿಯಿಂದ ಆಕೆ ಅಂದಳು. “ನನ್ನ ನಾದಿನಿಗೆ ಏನೂ ಗೊತ್ತಿರಲಿಲ್ಲ.”

ಮೇಲ್ವಿಚಾರಕ ಹಾಳೆಯನ್ನು ಹಿಂದಕ್ಕೆಳೆದುಕೊಂಡ. “ನಾಳೆಯಿಂದ ನೀನು ಬರಬೇಡ. ಅವಳನ್ನ ಕಳಿಸು.”

ಮೆಟ್ಟಿಲ ಮೇಲೆ ಮೇಷ್ಟ್ರು ತೊದಲಿದರು. “ನಾನು ಬರೆದುಕೊಡ್ಬೇಕು ಅಂತಾನೇ ಇದ್ದೆ ಕಣಮ್ಮ, ಅಷ್ಟರಲ್ಲಿ ನೀನೇ...”

“ನಾದಿನಿ ಮುಂದೆ ಹೆಂಗೆ ಬಾಯಿ ತೆಗೀಲಿ ಅಂತ ಯೋಚಿಸ್ತಾ ಇದೀನಿ. ಸ್ವಲ್ಪ ಸುಮ್ಮನಿರ್ತೀರಾ?”

ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಆಕೆ ಅದಕ್ಕೂ ನಿಲ್ಲದೆ ಇಳಿದು ಹೋದಳು. ಮೇಷ್ಟ್ರು ಗೋಡೆಗೆ ಆತು ಅಲ್ಲೇ ನಿಂತರು. ಹಿಂದೆಯೇ ಇಳಿದರೆ ಬಸ್‌ಸ್ಟಾಪಿನಲ್ಲಿ ಅವಳ ಪಕ್ಕದಲ್ಲಿ ನಿಲ್ಲಬೇಕಾಗುತ್ತಿತ್ತು.